ಮಿಂಚಿನ ಓಟಕ್ಕೊಂದು ಬ್ರೇಕು!

ಸಿನಿಮಾದಲ್ಲಿ ಹೀರೋ ಬರುವುದು ಹೇಗೆ? ಮೊದಲು ಬೂಟಿನ ಸದ್ದು, ಆಮೇಲೆ ಧೂಳು, ಕೊನೆಗೆ ಮುಖ! 2024ರ ಮೇ ತಿಂಗಳ ಒಂದು ಸಂಜೆ ನಮ್ಮ ರಾಜೂರಿಗೆ ಬಂದ ಹೀರೋನದೂ ಅದೇ ಠೀವಿ. ಮೊದಲು ಜೋಡಿ ಬಾಯಿಯ ಸೈಲೆನ್ಸರ್‌ನಿಂದ ಗುರ್ರೆಂಬ ಸದ್ದು, ಆಮೇಲೆ ಎರಿ ಮಣ್ಣಿನ ಧೂಳು, ಕೊನೆಗೆ ಅಲ್ಲಲ್ಲಿ ಕೆಂಪು ಗೆರೆ ಎಳೆದುಕೊಂಡ ಮೈಕಟ್ಟು. ಹೆಸರು ಹುಂಡೈ ಐ20 ಎನ್ ಲೈನ್. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ನರೇಗಲ್ಲ, ಗಜೇಂದ್ರಗಡ ದಾಟಿಸಿ ನಾನೇ ಓಡಿಸಿಕೊಂಡು ಬಂದೆ. ಜೀವಮಾನದಲ್ಲಿ ನಾನು ಕೊಂಡ ಮೊದಲ ಹೊಚ್ಚಹೊಸ ಕಾರು!

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲಿದ್ದ ಹುಡುಗರೆಲ್ಲ ಎದ್ದು ನಿಂತರು. ನನ್ನ ಅಕ್ಕನ ಮಗ, ಲೈಸೆನ್ಸ್ ಕೈಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ಓಡಿ ಬಂದು ಬಾನೆಟ್ ಸವರಿದ.

"ಮಾಮಾ, ನೂರಾ ಎಂಬತ್ತು ಹೊಡಿತೈತೇನ್ರಿ?"

ಮೊದಲ ಪ್ರಶ್ನೆಯೇ ಅದು! ಮಿತ್ರರೇ, ನಗಬೇಡಿ. ಇಪ್ಪತ್ತರ ಹರೆಯದಲ್ಲಿ ನಾನೂ ಅದನ್ನೇ ಕೇಳುತ್ತಿದ್ದೆ. ಈಗ ಐವತ್ತರ ಹೊಸ್ತಿಲು. ಅವನಿಗೆ ಉತ್ತರ ಕೊಡಬೇಕಾದರೆ ಒಂದು ಫ್ಲ್ಯಾಶ್‌ಬ್ಯಾಕ್ ಬೇಕೇ ಬೇಕು.

ರೀಲು ಹಿಂದಕ್ಕೆ

ನಾನು ಶಂಕರ್‌ನಾಗ್ ಅಭಿಮಾನಿ. ನಾನು ಮತ್ತು ನನ್ನ ಜೀವದ ಗೆಳೆಯ ಇಬ್ಬರೂ. 1980ರ 'ಮಿಂಚಿನ ಓಟ'ವನ್ನು ನಾವು ನೋಡಿದ್ದು ಎಷ್ಟೋ ವರ್ಷ ತಡವಾಗಿ. ಆದರೂ ಕಾರು ಕದಿಯುವ ಆ ಕಳ್ಳರ ಕಥೆ ನೋಡಿ ನಮಗೆ ಹಿಡಿದದ್ದು ಕಳ್ಳತನದ ಹುಚ್ಚಲ್ಲ, ಕಾರಿನ ಹುಚ್ಚು! 1988ರ 'ಸಾಂಗ್ಲಿಯಾನ' ನೋಡಿದ ಮೇಲಂತೂ ಗೆಳೆಯ ಆಣೆ ಮಾಡಿಬಿಟ್ಟ: "ಲೇ ದೋಸ್ತ, ನಾ ಪೊಲೀಸ್ ಆಗಾವನ. ಪಿಎಸ್‌ಐ ಆಗೇ ಈ ಊರಿಗೆ ಬರ್ತೀನಿ." ದಿನಾ ನಸುಕಿನಲ್ಲಿ ಎದ್ದು ಓಡುತ್ತಿದ್ದ. ಎತ್ತರದ ಆಳು, ಕಡೆದು ನಿಲ್ಲಿಸಿದಂಥ ಕಾಲು.

1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತ. ಶಂಕರ್‌ನಾಗ್ ಇನ್ನಿಲ್ಲ! ವಯಸ್ಸು ಬರೇ 35. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಹೊರಟದ್ದು ನಮ್ಮ ಕಡೆಯ ಲೋಕಾಪುರಕ್ಕೆ. ನಮ್ಮ ಸೀಮೆಗೆ ಬರುತ್ತಿದ್ದ ಮನುಷ್ಯ ದಾರಿಯಲ್ಲೇ ಉಳಿದ. ಆ ದಿನ ಇಬ್ಬರೂ ಉಂಡಿರಲಿಲ್ಲ. ಅತ್ತೆವು, ಫೋಟೋಕ್ಕೆ ಹಾರ ಹಾಕಿದೆವು. ಪಾಠ ಕಲಿತೆವೆ? ಇಲ್ಲ.

ನೂರು ಸಿಸಿಯ ಪುಂಡ

ಗಾಡಿ ಓಡಿಸಲು ನಾನು ಕಲಿತದ್ದು ಸೋದರಮಾವನ ಯೆಜ್ಡಿ ರೋಡ್‌ಕಿಂಗ್ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು, 250 ಸಿಸಿ. ಕಿಕ್ ಹೊಡೆಯುವ ಲಿವರೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿತ್ತು, ನೋಡಿದವರಿಗೆ ಬೆರಗು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಯೆಜ್ಡಿ ಗಂಭೀರ ಪಾತ್ರದ ಹಿರಿಯ ನಟನಿದ್ದಂತೆ. ನನಗೆ ಬೇಕಿದ್ದದ್ದು ಪುಂಡ!

1994ರಲ್ಲಿ ಸೆಕೆಂಡ್ ಹ್ಯಾಂಡ್ ಯಮಹಾ ಆರ್‌ಎಕ್ಸ್ 100 ಮನೆಗೆ ಬಂತು. ಟೂ ಸ್ಟ್ರೋಕ್, 98 ಸಿಸಿ, 11 ಅಶ್ವಶಕ್ತಿ. ಕಾಗದದ ಮೇಲೆ ಏನೂ ಅಲ್ಲ. ಆದರೆ ಗಾಡಿಯ ತೂಕವೇ ಸುಮಾರು ನೂರು ಕಿಲೋ. ಎಕ್ಸಲೇಟರ್ ತಿರುವಿದರೆ ಮುಂದಿನ ಗಾಲಿ ನೆಲ ಬಿಡುತ್ತಿತ್ತು. ಎರಡೂ ಗಾಲಿಗೆ ಡ್ರಮ್ ಬ್ರೇಕು. ಬ್ರೇಕಿನ ಬಗ್ಗೆ ಆಗ ಕೇಳುವವರು ಯಾರು?

1995ರ ಸೆಪ್ಟೆಂಬರ್. ಶಿವರಾಜ್‌ಕುಮಾರ್ ಅಭಿನಯದ, ಉಪೇಂದ್ರ ನಿರ್ದೇಶನದ 'ಓಂ'ನ ಅಬ್ಬರ. ಗಜೇಂದ್ರಗಡದಲ್ಲಿ ಎರಡನೇ ಸಲ ನೋಡಲು ಹೊರಟೆವು. ಹಿಂದೆ ಗೆಳೆಯ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಹೆಸರುಕಾಳಿನ ಸುಗ್ಗಿ ಅದು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ರೈತರು ಬಳ್ಳಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡುತ್ತವೆ. ಒಣಗಿದ ಹೆಸರುಕಾಳು ಗಾಲಿಯ ಕೆಳಗೆ ಸಿಕ್ಕರೆ ಬೇರಿಂಗಿನ ಗುಂಡು ಇದ್ದಂತೆ.

ತಿರುವು ದಾಟಿದ್ದೇ ಕಂಡಿತು. ಮುಳ್ಳು 80ರ ಮೇಲಿತ್ತು. "ಲೇ, ನಿಧಾನ ಲೇ!" ಎಂದು ಗೆಳೆಯ ಬೆನ್ನಿಗೆ ಗುದ್ದಿದ. ನಾನು ಮುಂದಿನ ಬ್ರೇಕನ್ನು ಮುಷ್ಟಿ ಕಟ್ಟಿ ಹಿಡಿದೆ...

ನನಗೆ ಕಾಲರ್ ಬೋನ್ ಮುರಿಯಿತು. ಅವನಿಗೆ ಬಲದೊಡೆಯ ಎಲುಬು. ಆರು ತಿಂಗಳು ಹಾಸಿಗೆ. ಎದ್ದಾಗ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಪೊಲೀಸ್ ನೌಕರಿ ಕನಸಿನಲ್ಲೇ ಉಳಿಯಿತು. ಈಗ ಅವನದು ಬಸ್ ಸ್ಟ್ಯಾಂಡಿನ ಎದುರು ಚಹಾದ ಅಂಗಡಿ. ತಪ್ಪು ಗಾಡಿಯದಲ್ಲ, ಕಾಳು ಹರಡಿದ ರೈತನದೂ ಅಲ್ಲ. ಎಕ್ಸಲೇಟರ್ ಮೇಲಿದ್ದ ಕೈ ನನ್ನದು. ಇಷ್ಟು ವರ್ಷಗಳಲ್ಲಿ ಅವನು ಒಂದು ಸಲವೂ ಅದನ್ನು ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಟಲಿಯ ಗತ್ತು, ಜರ್ಮನಿಯ ಶಿಸ್ತು

ಹಾಗಾದರೆ ವೇಗದ ಹುಚ್ಚು ಬಿಟ್ಟಿತೇ? ಸುಳ್ಳು ಹೇಳಲಾರೆ. ಹತ್ತು ವರ್ಷ ತಣ್ಣಗಿತ್ತು, ಅಷ್ಟೇ. ಈ ಸಲ ನಾಲ್ಕು ಗಾಲಿ ಹುಡುಕಿತು.

ಇಲ್ಲಿ ಒಂದು ಮಾತು. ಹಿಂದೆ ಡಿಕ್ಕಿ ಚಾಚಿಕೊಳ್ಳದ, ಹಿಂಬದಿಯ ಬಾಗಿಲು ಗಾಜಿನ ಸಮೇತ ಮೇಲಕ್ಕೆ ತೆರೆಯುವ ಸಣ್ಣ ಕಾರಿಗೆ ಹ್ಯಾಚ್‌ಬ್ಯಾಕ್ ಅನ್ನುತ್ತಾರೆ. ಅದೇ ಕಾರಿಗೆ ದೊಡ್ಡ ಎದೆಯ ಎಂಜಿನ್, ಬಿಗಿಯಾದ ಸಸ್ಪೆನ್ಷನ್ ಕೊಟ್ಟರೆ ಅದು ಹಾಟ್ ಹ್ಯಾಚ್. ಸಂತೆಗೂ ಸೈ, ಸವಾರಿಗೂ ಸೈ. 1976ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ಜಾತಿಯ ಸೂಪರ್‌ಸ್ಟಾರ್. ಅಂದು 110 ಅಶ್ವಶಕ್ತಿ. ಅದರ ಮರಿಮಗ 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದಾಗ 265 ಅಶ್ವಶಕ್ತಿ, ಷೋರೂಮ್ ಬೆಲೆ 52.99 ಲಕ್ಷ! ನಮ್ಮಂಥವರಿಗೆ ಅದು ಬಾಂಬೆ ಹೀರೋಯಿನ್ ಇದ್ದಂತೆ. ಪೋಸ್ಟರ್ ನೋಡಿ ಸಂತೋಷಪಡಬೇಕು.

ನಾನು 2006ರಲ್ಲಿ ಕೊಂಡದ್ದು ಸೆಕೆಂಡ್ ಹ್ಯಾಂಡ್ ಫಿಯೆಟ್ ಪ್ಯಾಲಿಯೋ 1.6. 2001ರಲ್ಲಿ ಭಾರತಕ್ಕೆ ಬಂದ ಇಟಲಿಯ ಕಾರು. ಸಚಿನ್ ತೆಂಡೂಲ್ಕರ್ ಹೆಸರಿನ ಎಸ್10 ಎಂಬ ವಿಶೇಷ ಮಾದರಿಯೂ ಇದರಲ್ಲೇ ಬಂದಿತ್ತು. 1596 ಸಿಸಿ, 100 ಅಶ್ವಶಕ್ತಿ, ಟರ್ಬೊ ಇಲ್ಲ. ಕಾಲು ಒತ್ತಿದಷ್ಟೂ ಕೊಡುತ್ತದೆ, ಮೋಸವಿಲ್ಲ, ಮುಲಾಜಿಲ್ಲ. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು. ರಸ್ತೆಯ ಮೇಲೆ ಕೂತರೆ ಬೇರು ಬಿಟ್ಟಂತೆ.

2016ರಲ್ಲಿ ಬಂದದ್ದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಅದೂ ಸೆಕೆಂಡ್ ಹ್ಯಾಂಡೇ. 2013ರಲ್ಲಿ ಬಿಡುಗಡೆಯಾದ ಮಾದರಿ. 1197 ಸಿಸಿ, 105 ಅಶ್ವಶಕ್ತಿ, ಜೊತೆಗೆ ಟರ್ಬೊ. ಟರ್ಬೊ ಅಂದರೇನು? ಕಂಬಾರನ ಕುಲುಮೆ ನೆನಪಿಸಿಕೊಳ್ಳಿ. ತಿದಿ ಒತ್ತಿದರೆ ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದಲ್ಲ, ಹಾಗೇ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಸಣ್ಣ ಎಂಜಿನ್ನಿಗೆ ದೊಡ್ಡ ಗಂಡಸುತನ! ಪೋಲೋದ ಗೇರ್‌ಬಾಕ್ಸ್‌ನಲ್ಲಿ ಎರಡು ಕ್ಲಚ್, ಏಳು ಗೇರ್. ಒಂದು ಕ್ಲಚ್ ಬೆಸ ಗೇರಿಗೆ, ಇನ್ನೊಂದು ಸಮ ಗೇರಿಗೆ. ಮೂರನೆಯದರಲ್ಲಿ ಓಡುವಾಗಲೇ ನಾಲ್ಕನೆಯದು ಸಿದ್ಧವಾಗಿ ಕೂತಿರುತ್ತದೆ. ಆ ಪೋಲೋದ ತಯಾರಿಕೆ ಭಾರತದಲ್ಲಿ 2022ಕ್ಕೆ ನಿಂತಿತು.

ಹೊಸ ಹೀರೋನ ಪರೀಕ್ಷೆ

ಈಗ ಬನ್ನಿ ಎನ್ ಲೈನ್‌ಗೆ. 2021ರಲ್ಲಿ ಮೊದಲು ಬಂತು. 2023ರ ಸೆಪ್ಟೆಂಬರ್‌ನಲ್ಲಿ ಹೊಸ ವೇಷ. ಅಂದಿನ ಆರಂಭದ ಷೋರೂಮ್ ಬೆಲೆ 9.99 ಲಕ್ಷ. 'ಎನ್' ಅಂದರೆ ಕೊರಿಯಾದ ನಾಮ್ಯಾಂಗ್, ಹುಂಡೈಯ ಸಂಶೋಧನಾ ಕೇಂದ್ರವಿರುವ ಊರು. ಜೊತೆಗೆ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಮೈದಾನ. ಮೂರು ಸಿಲಿಂಡರ್, 998 ಸಿಸಿ, ಟರ್ಬೊ, 120 ಅಶ್ವಶಕ್ತಿ. ನನ್ನದು ಆರು ಗೇರಿನ ಮ್ಯಾನುಯಲ್. ಕ್ಲಚ್ ಒತ್ತದೆ ಗೇರ್ ಹಾಕುವುದು ಊಟಕ್ಕೆ ಖಾರದ ಚಟ್ನಿ ಇಲ್ಲದಂತೆ, ನನಗೆ ಸೇರದು.

ಒಂದು ತಮಾಷೆ ಗಮನಿಸಿ. 1596 ಸಿಸಿಗೆ 100, 1197ಕ್ಕೆ 105, 998ಕ್ಕೆ 120. ಎಂಜಿನ್ ಕುಗ್ಗುತ್ತಾ ಬಂದಿದೆ, ಶಕ್ತಿ ಹಿಗ್ಗುತ್ತಾ ಹೋಗಿದೆ! ನೂರು ಸಿಸಿಗೆ ಲೆಕ್ಕ ಹಾಕಿದರೆ ಪ್ಯಾಲಿಯೋದ್ದು 6 ಚಿಲ್ಲರೆ, ಪೋಲೋದ್ದು 9ರ ಹತ್ತಿರ, ಎನ್ ಲೈನ್‌ದು 12. ನಮ್ಮ ಹಳೆಯ ಆರ್‌ಎಕ್ಸ್? ಅದರದು 11! ಆ ಪುಂಡನ ಲೆಕ್ಕ ದಾಟಲು ನನಗೆ ಮೂರು ಕಾರು ಬೇಕಾದವು.

ಓಟದ ಗುಣ ಹೇಗೆ? ಪ್ಯಾಲಿಯೋ ನಿಧಾನವಾಗಿ ಡೈಲಾಗ್ ಹೇಳಿ ಕೊನೆಗೆ ಗುಡುಗುವ ನಟ. ಪೋಲೋ ಮಾತಿಲ್ಲದೆ ಕೆಲಸ ಮುಗಿಸುವವ. ಎನ್ ಲೈನ್ ಹೊಸ ಹುಡುಗ, ಚುರುಕು, ಸ್ವಲ್ಪ ಷೋಕಿ. 1500 ಆರ್‌ಪಿಎಂನಿಂದಲೇ ಎಳೆಯಲು ಶುರು. ಗಜೇಂದ್ರಗಡದ ಗುಡ್ಡದ ಏರಿನಲ್ಲಿ, ಗಾಳಿ ಫ್ಯಾನುಗಳ ಕೆಳಗೆ, ಮೂರನೇ ಗೇರಿನಲ್ಲಿ ಬಿಟ್ಟರೆ ಹಿಂದಿನಿಂದ ಯಾರೋ ಕೈ ಹಚ್ಚಿ ನೂಕಿದ ಹಾಗೆ. ಸ್ಟೇರಿಂಗ್‌ನಲ್ಲಿ ರಸ್ತೆಯ ಸುದ್ದಿ ಕೈಗೆ ಮುಟ್ಟುವುದರಲ್ಲಿ ಮಾತ್ರ ನನ್ನ ಮತ ಇಂದಿಗೂ ಪ್ಯಾಲಿಯೋಕ್ಕೇ.

ಆದರೆ ಈ ಮೂರರಲ್ಲಿ ನನ್ನ ಮನಸ್ಸು ಗೆದ್ದದ್ದು ಓಟವಲ್ಲ, ನಿಲುಗಡೆ! ಎನ್ ಲೈನ್‌ನ ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕು. ಗಾಲಿ ಜಾಮ್ ಆಗಿ ಜಾರದಂತೆ ಎಬಿಎಸ್, ತಿರುವಿನಲ್ಲಿ ಹಿಂಭಾಗ ಕೈಕೊಟ್ಟರೆ ತಾನೇ ಹಿಡಿದು ನಿಲ್ಲಿಸುವ ಕಂಪ್ಯೂಟರ್, ಆರು ಗಾಳಿಚೀಲ. ಶೋರೂಮಿನಲ್ಲಿ ಇದನ್ನು ಕೇಳುತ್ತಿದ್ದಾಗ ನನಗೆ ಕಂಡದ್ದು ಹೆಸರುಕಾಳು ಹರಡಿದ ಆ ರಸ್ತೆ.

ಕ್ಲೈಮ್ಯಾಕ್ಸ್

ಮರುದಿನವೇ ಅಕ್ಕನ ಮಗ ಬಂದ.

"ಮಾಮಾ, ಇವತ್ತ ರಾತ್ರಿ ಚಾವಿ ಕೊಡ್ರಿ. ದೋಸ್ತರ ಕೂಡ ಗಜೇಂದ್ರಗಡಕ್ಕ ಸಿನಿಮಾಕ್ಕ ಹೋಗಿ ಬರ್ತೀನಿ. ಐದ ಮಂದಿ ಅದೀವಿ."

ಐದು ಮಂದಿ, ರಾತ್ರಿ, ಸಿನಿಮಾ, ಹೊಸ ಗಾಡಿ. ನನ್ನ ಕೈ ತಣ್ಣಗಾಯಿತು. ಬೈದರೆ ಬೇರೆಯವರ ಬೈಕ್ ಹತ್ತುತ್ತಾನೆ. ಬುದ್ಧಿ ಹೇಳಿದರೆ ನಕ್ಕು ಹೋಗುತ್ತಾನೆ, ನಾನೂ ನಗುತ್ತಿದ್ದೆನಲ್ಲ.

"ನಾಳೆ ಮುಂಜಾನೆ ಆರಕ್ಕ ಬಾ. ಆಮೇಲೆ ಚಾವಿ ಮಾತು," ಅಂದೆ. ಗೆಳೆಯನ ಚಹಾದಂಗಡಿಗೂ ಹೋಗಿ ಹೇಳಿಬಂದೆ. ಯಾಕೆ ಏನು ಅವನು ಕೇಳಲಿಲ್ಲ.

ಊರ ಹೊರಗೆ ಎರಡೂ ಕಡೆ ದೂರದವರೆಗೆ ಕಾಣುವ ನೇರ ರಸ್ತೆ. ನರಪಿಳ್ಳೆ ಇಲ್ಲ. ರಸ್ತೆ ಪಕ್ಕ ಒಂದು ಸುಣ್ಣದ ಕಲ್ಲು ಇಟ್ಟೆವು. ಹುಡುಗ ಸ್ಟೇರಿಂಗ್ ಹಿಡಿದ, ಪಕ್ಕದಲ್ಲಿ ನಾನು, ಇಬ್ಬರಿಗೂ ಬೆಲ್ಟು. ಗೆಳೆಯ ರಸ್ತೆ ಬಿಟ್ಟು ಕೆಳಗೆ ನಿಂತ. "ಕಲ್ಲು ಬಂದ ಕೂಡಲೇ ಬ್ರೇಕ್ ಪೂರ್ತಿ ಒತ್ತು. ಎಲ್ಲಿ ನಿಲ್ಲತೈತಿ ನೋಡೋಣು."

ಮೊದಲು 40. ಗಾಡಿ ನಿಂತಿತು. ಗೆಳೆಯ ಕಲ್ಲಿನಿಂದ ಹೆಜ್ಜೆ ಎಣಿಸುತ್ತ ಬಂದ. ಒಂದು ಉದ್ದ ಹೆಜ್ಜೆ, ಒಂದು ಗಿಡ್ಡ ಹೆಜ್ಜೆ. "ಹನ್ನೆರಡು."

ಆಮೇಲೆ 60. ಮತ್ತೆ ಅವನು ಕುಂಟುತ್ತ ಎಣಿಸಿದ. "ಇಪ್ಪತ್ತೇಳು."

ಆಮೇಲೆ 80. ಹುಡುಗನ ಹಣೆಯಲ್ಲಿ ಬೆವರು. ಗೆಳೆಯ ನಡೆದೇ ನಡೆದ, ಎಣಿಸಿಯೇ ಎಣಿಸಿದ. ಹುಡುಗ ಕನ್ನಡಿಯಲ್ಲಿ ಆ ನಡಿಗೆಯನ್ನೇ ನೋಡುತ್ತಿದ್ದ. "ನಲವತ್ತೊಂಬತ್ತು."

ವೇಗ ಎರಡು ಪಟ್ಟು, ನಿಲ್ಲುವ ದೂರ ನಾಲ್ಕು ಪಟ್ಟು! ಇದು ನಾನು ಹುಟ್ಟಿಸಿದ ಲೆಕ್ಕವಲ್ಲ, ಹೈಸ್ಕೂಲ್ ವಿಜ್ಞಾನದ್ದೇ. ಅದೂ ಕಲ್ಲು ಮೊದಲೇ ಗೊತ್ತಿದ್ದು, ಕಾಲು ಬ್ರೇಕಿನ ಮೇಲೆ ಸಿದ್ಧವಿದ್ದಾಗ. ಗೊತ್ತಿಲ್ಲದೆ ಎದುರಾದರೆ ಕಣ್ಣು ಕಂಡು ಕಾಲು ಒತ್ತುವುದಕ್ಕೆ ಒಂದು ಸೆಕೆಂಡಾದರೂ ಬೇಕು. ನೂರರ ವೇಗದಲ್ಲಿ ಆ ಒಂದೇ ಸೆಕೆಂಡಿಗೆ ಕಾರು 28 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಅಲ್ಲಿಂದ ಆಚೆಗೆ ಶುರು! ದೀಪವಿಲ್ಲದ ಚಕ್ಕಡಿ, ರಸ್ತೆಗಿಳಿದ ಎಮ್ಮೆ, ನೀರು ತರುವ ತಾಯಿ, ಎಲ್ಲರೂ ಆ 28 ಮೀಟರಿನೊಳಗೇ ಇರುತ್ತಾರೆ.

ಹುಡುಗ ಇಳಿದು ಗೆಳೆಯನ ಹತ್ತಿರ ಹೋದ. "ಕಾಕಾ, ನಿಮ್ಮ ಕಾಲು ಹ್ಯಾಂಗ ಆತ್ರಿ?" ಚಿಕ್ಕಂದಿನಿಂದ ನೋಡಿದ್ದರೂ ಎಂದೂ ಕೇಳಿರಲಿಲ್ಲ.

ಗೆಳೆಯ ನನ್ನ ಮುಖ ನೋಡಿದ. ನಾನೇ ಹೇಳಿದೆ. 80ರ ಮುಳ್ಳು, ಹೆಸರುಕಾಳು, ಬೆನ್ನಿಗೆ ಬಿದ್ದ ಗುದ್ದು, ಎಲ್ಲಾ. ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಅವನ ಎದುರಿಗೇ ಬಾಯಿ ಬಿಟ್ಟು "ತಪ್ಪು ನಂದ" ಎಂದೆ. ಅವನು ಸ್ವಲ್ಪ ಹೊತ್ತು ಗಾಡಿಯ ಕಡೆ ನೋಡಿದ. ಆಮೇಲೆ, "ಲೇ, ನಾ ಇನ್ನೂ ಇದರಾಗ ಕುಂತಿಲ್ಲ. ಬಾಗಲಾ ತಗಿ," ಅಂದ.

ಶಂಕರ್‌ನಾಗ್ 1985ರಲ್ಲಿ 'ಆಕ್ಸಿಡೆಂಟ್' ತೆಗೆದರು. ಮತ್ತಿನಲ್ಲಿದ್ದ ಶ್ರೀಮಂತರ ಮಗನ ಕಾರು ಫುಟ್‌ಪಾತ್ ಮೇಲೆ ಮಲಗಿದ ಬಡವರ ಮೇಲೆ ಹರಿಯುವ ಕಥೆ. ರಾಷ್ಟ್ರಪ್ರಶಸ್ತಿ ಬಂದ ಚಿತ್ರ. ನಾವು ಅಭಿಮಾನಿಗಳು ಆಟೋದ ಹಿಂದೆ ಅವರ ಚಿತ್ರ ಬರೆಸುತ್ತೇವೆ, ಜಯಂತಿಗೆ ಹಾಲು ಸುರಿಯುತ್ತೇವೆ. ಆ ಒಂದು ಚಿತ್ರವನ್ನೂ ಹುಡುಕಿ ನೋಡಿ ಮಿತ್ರರೇ.

ಅಂದಹಾಗೆ, ಹುಡುಗನಿಗೆ ಚಾವಿ ಕೊಟ್ಟೆನೇ? ಕೊಟ್ಟೆ. ಆ ರಾತ್ರಿಗಲ್ಲ. ಮುಂದಿನ ಭಾನುವಾರ, ಮ್ಯಾಟಿನಿಗೆ. ಅವನೇ ಓಡಿಸಿದ, ಮುಳ್ಳು 60 ದಾಟಲಿಲ್ಲ. ಹಿಂದಿನ ಸೀಟಿನಲ್ಲಿ ನಾನು. ಮುಂದೆ, ಕಾಲು ಚಾಚಲು ಜಾಗವಿರುವ ಸೀಟಿನಲ್ಲಿ, ಗೆಳೆಯ. ನಿಧಾನವಾಗಿ ಹೋದರೂ ಟೈಟಲ್ ಕಾರ್ಡ್ ತಪ್ಪಲಿಲ್ಲ.