ಗುಬ್ಬಚ್ಚಿ ಹುಲ್ಲು ಸೋತ ಕಥೆ

1667ರ ಏಪ್ರಿಲ್‌ನಲ್ಲಿ ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಪೇಟೆಯಿಂದ ‘ಸ್ಪ್ಯಾರೋಗ್ರಾಸ್’ ಕೊಂಡು ತಂದ. ಅಂದರೆ ಗುಬ್ಬಚ್ಚಿ ಹುಲ್ಲು. ಗುಬ್ಬಚ್ಚಿಗೂ ಅದಕ್ಕೂ ಯಾವ ನಂಟೂ ಇಲ್ಲ. ಅವನು ತಂದದ್ದು ನಮ್ಮ ಶತಾವರಿಯ ಕುಲಕ್ಕೇ ಸೇರಿದ ಆಸ್ಪರಾಗಸ್. ಎಳೆ ಚಿಗುರನ್ನು ಬೇಯಿಸಿ ತಿನ್ನುವ ತರಕಾರಿ.

ಆಸ್ಪರಾಗಸ್ ಗ್ರೀಕಿನಿಂದ ಲ್ಯಾಟಿನ್ನಿಗೆ ದಾಟಿದ ಹೆಸರು. ಸಂತೆಯವರ ಬಾಯಲ್ಲಿ ಅದರ ಮೊದಲಕ್ಷರ ಉದುರಿತು. ಲ್ಯಾಟಿನ್ ಅರಿಯದ ಕಿವಿಗೆ ಉಳಿದ ಸದ್ದಿನಲ್ಲಿ ಮನೆಯ ಮಾತಿನ ಎರಡು ಪದ ಕೇಳಿಸಿದವು: ಸ್ಪ್ಯಾರೋ, ಗ್ರಾಸ್. ನೆಲದಿಂದ ಹಸಿರಾಗಿ ಮೇಲೇಳುವ ಚಿಗುರಿಗೆ ಹುಲ್ಲೆಂಬ ಹೆಸರು ಒಪ್ಪಿತು ಕೂಡ. ಇದು ಎಷ್ಟು ಬಳಕೆಯಾಯಿತೆಂದರೆ, ಆಸ್ಪರಾಗಸ್ ಎನ್ನುವುದೇ ಪಂಡಿತರ ಬಿಗುಮಾನದಂತೆ ಕೇಳುತ್ತದೆ ಎಂದು ಜಾನ್ ವಾಕರ್ 1791ರ ತನ್ನ ಉಚ್ಚಾರಣಾ ನಿಘಂಟಿನಲ್ಲಿ ಹೇಳಿದ. ಮುಂದಿನ ಶತಮಾನದಲ್ಲಿ ಗಾಳಿ ತಿರುಗಿತು. ಸಸ್ಯಶಾಸ್ತ್ರದ ಪುಸ್ತಕಗಳು ಮೂಲ ಹೆಸರನ್ನು ಕೈಬಿಟ್ಟಿರಲಿಲ್ಲ. ಗುಬ್ಬಚ್ಚಿ ಹುಲ್ಲು ಓದುಬರಹ ಇಲ್ಲದವರ ಮಾತೆನಿಸಿಕೊಂಡಿತು.

ಗೆದ್ದ ತಪ್ಪುಗಳೂ ಇವೆ. ‘ಎ ನೇಪ್ರನ್’ ಎಂದದ್ದು ‘ಆನ್ ಏಪ್ರನ್’ ಎಂದು ಕೇಳಿಸಿ, ಅಡುಗೆಮನೆಯ ಏಪ್ರನ್ ತನ್ನ ನಕಾರವನ್ನು ಕಳೆದುಕೊಂಡಿತು. ಅದರ ಬಂಧು ನ್ಯಾಪ್ಕಿನ್ ಮಾತ್ರ ಉಳಿಸಿಕೊಂಡಿದೆ. ಹಳೆಯ ಇಂಗ್ಲಿಷಿನಲ್ಲಿ ಮದುಮಗ ‘ಬ್ರೈಡ್‌ಗುಮ’ ಆಗಿದ್ದ. ಗುಮ ಎಂದರೆ ಗಂಡಸು. ಆ ಪದ ಬಳಕೆ ತಪ್ಪಿದ ಮೇಲೆ ಜನ ಅಲ್ಲಿ ತಮಗೆ ಗೊತ್ತಿದ್ದ ‘ಗ್ರೂಮ್’ ಕೂರಿಸಿದರು. ಗ್ರೂಮ್ ಎಂದರೆ ಆಳು, ಮುಂದೆ ಕುದುರೆ ನೋಡಿಕೊಳ್ಳುವವ. ಯಾವ ವರನೂ ತಕರಾರು ಮಾಡಿದಂತಿಲ್ಲ.

ಇಂಥ ತಪ್ಪುಗಳಿಗೆ ಹೊಸದೊಂದು ಹೆಸರು ಸಿಕ್ಕಿದ್ದು 2003ರಲ್ಲಿ. ಓಕ್ ಮರದ ಕಾಯಿ ‘ಏಕಾರ್ನ್’ ಅನ್ನು ಮಹಿಳೆಯೊಬ್ಬರು ‘ಎಗ್‌ಕಾರ್ನ್’ ಎಂದು ಬರೆಯುತ್ತಿದ್ದುದನ್ನು ಭಾಷಾವಿಜ್ಞಾನಿ ಮಾರ್ಕ್ ಲಿಬರ್ಮನ್ ಚರ್ಚೆಗೆ ತಂದರು. ಕಾಯಿಯ ಆಕಾರ ಮೊಟ್ಟೆಯದೇ ಅಲ್ಲವೇ! ಅದನ್ನೇ ಈ ಜಾತಿಯ ತಪ್ಪುಗಳಿಗೆಲ್ಲ ಹೆಸರಾಗಿಸೋಣ ಎಂದವರು ಇನ್ನೊಬ್ಬ ಭಾಷಾವಿಜ್ಞಾನಿ ಜೆಫ್ರಿ ಪುಲಮ್. 2010ರಲ್ಲಿ ಎಗ್‌ಕಾರ್ನ್ ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿತು.

ಈಗಿನ ಉಮೇದುವಾರ ‘ಫ್ರೀ ರೇನ್’. ಲಗಾಮು ಸಡಿಲ ಬಿಡುವುದು ಅದರ ಮೂಲಾರ್ಥ. ಲಗಾಮು, ರಾಜ್ಯಭಾರ ಎರಡಕ್ಕೂ ಇಂಗ್ಲಿಷಿನಲ್ಲಿ ಉಚ್ಚಾರಣೆ ಒಂದೇ, ಕಾಗುಣಿತ ಬೇರೆ. ಕುದುರೆ ಸವಾರಿ ಮರೆತವರಿಗೆ ರಾಜ್ಯಭಾರದ ಕಾಗುಣಿತವೇ ಸರಿಯೆನಿಸುತ್ತದೆ, ಹಾಗೇ ಬರೆಯುತ್ತಾರೆ. ಅದು ಗೆದ್ದೀತೇ? ಗುಮನ ಪರ ವಾದಿಸಲು ಅಂದು ಯಾರೂ ಉಳಿದಿರಲಿಲ್ಲ. ಲಗಾಮಿನ ಪರ ಇನ್ನೂ ನಿಘಂಟುಗಳಿವೆ, ಕೆಂಪು ಶಾಯಿಯ ಸಂಪಾದಕರಿದ್ದಾರೆ.