ಪೌರಸಭೆಯ ದಫ್ತರದಲ್ಲಿ ನಮ್ಮ ಮನೆಯ ಗುಟ್ಟು

ಹುಟ್ಟಿದೂರಿನಲ್ಲೇ ಬಾಳುವವನನ್ನು ಗುರುತಿಸಲು ಕಾಗದಪತ್ರಗಳ ಅವಶ್ಯಕತೆ ಅಷ್ಟಾಗಿ ಬೀಳುವುದಿಲ್ಲ. ಇಂಥವರ ಮಗ, ಇಂಥ ಮನೆಯವನು ಎಂದರೆ ಊರಿಗೆ ಊರೇ ಸಾಕ್ಷಿ ನುಡಿಯುತ್ತದೆ. ಹೊಟ್ಟೆಪಾಡಿಗಾಗಿ ರಾಜಧಾನಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಅಂಥ ಸಾಕ್ಷಿಗಳು ಇಲ್ಲಿ ಇಲ್ಲ. ಇಲ್ಲಿ ನಮ್ಮನ್ನು ಬಲ್ಲದ್ದು ಸರ್ಕಾರಿ ದಫ್ತರ ಮಾತ್ರ. ಮಗು ಹುಟ್ಟಿದರೆ ದಫ್ತರ, ಹಿರಿಯರು ಕಣ್ಮುಚ್ಚಿದರೆ ದಫ್ತರ, ಉಪಾಹಾರಗೃಹಕ್ಕೆ ಲೈಸೆನ್ಸು ಬೇಕಾದರೆ ದಫ್ತರ, ಮನೆಗಂದಾಯ ಕಟ್ಟುವುದಾದರೆ ದಫ್ತರ. ಕಿಟಕಿಯಾಚೆಯ ಗುಮಾಸ್ತನು ಕೇಳಿದ್ದೆಲ್ಲವನ್ನೂ ಬರೆದುಕೊಟ್ಟು, ರಸೀದಿ ಕೈಗೆ ಬಂದರೆ ಗೆದ್ದೆವೆಂದು ಹಿಂದಿರುಗುತ್ತೇವೆ. ಬರೆದುಕೊಟ್ಟ ವಿವರಗಳು ಆಮೇಲೆ ಎಲ್ಲಿರುತ್ತವೆ, ಯಾರ ಕಣ್ಣಿಗೆ ಬೀಳುತ್ತವೆ, ಅವುಗಳಿಗೆ ಬೀಗವುಂಟೆ ಎಂದು ಕೇಳುವವರು ವಿರಳ. ಇಂದು ವಾಚಕರ ಗಮನವನ್ನು ಈ ಪ್ರಶ್ನೆಯ ಕಡೆಗೆ ಸೆಳೆಯಬಯಸುತ್ತೇವೆ.

ಯಾವ ಪೌರಸಭೆ?

ದಿಲ್ಲಿಯಲ್ಲಿ ಪೌರಾಡಳಿತ ಒಂದೇ ಅಲ್ಲ. ನಗರದ ಬಹುಭಾಗವು 1958ರ ಏಪ್ರಿಲ್ 7ರಂದು ಸ್ಥಾಪನೆಯಾದ ದಿಲ್ಲಿ ಮಹಾನಗರಪಾಲಿಕೆಗೆ ಸೇರಿದ್ದು. ಕನಾಟ್ ಪ್ಲೇಸೂ ಅದರ ದಕ್ಷಿಣದ ಸರ್ಕಾರಿ ವಸತಿಗಳೂ ನವದಿಲ್ಲಿ ನಗರಪಾಲಿಕಾ ಪರಿಷತ್ತಿನ ಅಧೀನ. ದಂಡುಪ್ರದೇಶಕ್ಕೆ ಪ್ರತ್ಯೇಕ ಮಂಡಳಿಯಿದೆ. ಗಡಿ ದಾಟಿದರೆ ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದುಗಳ ಪಾಲಿಕೆಗಳು. ನೋಯಿಡಾದಲ್ಲಾದರೋ ಚುನಾಯಿತ ಪಾಲಿಕೆಯೇ ಇಲ್ಲ, 1976ರಲ್ಲಿ ರಚಿತವಾದ ಪ್ರಾಧಿಕಾರದ ಆಡಳಿತ. ಕನಾಟ್ ಪ್ಲೇಸಿನಲ್ಲಿ ದುಡಿದು ನೋಯಿಡಾದಲ್ಲಿ ಮಲಗುವ ನಮ್ಮ ಹುಡುಗನ ವಿವರಗಳು ಹೀಗೆ ಎರಡು ರಾಜ್ಯಗಳ ದಫ್ತರಗಳಲ್ಲಿ ಹಂಚಿಹೋಗಿರುತ್ತವೆ. ಸಾಲದೆಂಬಂತೆ, ದಿಲ್ಲಿ ಪಾಲಿಕೆಯನ್ನು 2012ರಲ್ಲಿ ಮೂರು ಹೋಳು ಮಾಡಿ, 2022ರ ಮೇ 22ರಂದು ಮತ್ತೆ ಒಂದುಗೂಡಿಸಲಾಯಿತು. ಮನೆ ಹಿಸ್ಸೆಯಾದಾಗ ಪೆಟ್ಟಿಗೆಯ ಬೀಗದಕೈ ಯಾರ ಬಳಿ ಉಳಿಯಿತೆಂದು ವಿಚಾರಿಸುವುದು ಲೋಕರೂಢಿ. ಪೌರಸಭೆಯ ದಫ್ತರಕ್ಕೂ ಆ ವಿಚಾರಣೆ ಸಲ್ಲತಕ್ಕದ್ದೇ.

ಮುಚ್ಚಿದ ಒಂದು ಕಲಂ

ಇಂದು ಖಾಸಗಿ ವಿವರಗಳ ರಕ್ಷಣೆಯೆಂದರೆ ಕಂಪ್ಯೂಟರಿನೊಡನೆ ಹುಟ್ಟಿದ ಹೊಸ ಚಿಂತೆಯೆಂದು ಭಾವಿಸುವವರಿದ್ದಾರೆ. ಇದು ಸರಿಯಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯನ್ನು ತೆರೆದು ನೋಡಿರಿ. ಜನನವಾಗಲಿ ಮರಣವಾಗಲಿ 21 ದಿನಗಳೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು, ಮನೆಯಲ್ಲಾದರೆ ಮನೆಯ ಯಜಮಾನರು. ಆ ರಿಜಿಸ್ಟರಿನಲ್ಲಿ ಹುಡುಕಿಸಿ ದಾಖಲೆ ಪಡೆಯುವ ಹಕ್ಕು ಅದರ 17ನೆಯ ಪ್ರಕರಣದಂತೆ ಯಾರಿಗಾದರೂ ಉಂಟು. ಆದರೆ ಅದೇ ಪ್ರಕರಣಕ್ಕೆ ಒಂದು ನಿರ್ಬಂಧವಿದೆ: ಮರಣದ ದಾಖಲೆಯನ್ನು ಯಾರಿಗೇ ಕೊಡಲಿ, ಮರಣದ ಕಾರಣವನ್ನು ಅದರಲ್ಲಿ ತಿಳಿಸಕೂಡದು.

ಈ ಒಂದು ವಾಕ್ಯದ ಬೆಲೆಯನ್ನು ನಮ್ಮ ಹೋಟೆಲು ಕಾರ್ಮಿಕರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಡುಗೆಮನೆಯ ಹೊಗೆಯಲ್ಲಿ ಬೆಂದು, ಇಕ್ಕಟ್ಟಾದ ಕೋಣೆಯಲ್ಲಿ ಎಂಟು ಜನರೊಡನೆ ಮಲಗಿ, ಕ್ಷಯರೋಗಕ್ಕೆ ತುತ್ತಾಗಿ ಒಬ್ಬನು ತೀರಿಕೊಂಡನೆನ್ನೋಣ. ಅವನ ಪ್ರಾವಿಡೆಂಟ್ ಫಂಡಿಗೆ, ವಿಮೆಯ ಹಣಕ್ಕೆ, ಊರಿನ ಜಮೀನಿನ ಖಾತೆಗೆ ಮರಣಪತ್ರ ಬೇಕೇ ಬೇಕು. ಆ ಪತ್ರವು ಹತ್ತು ಕಡೆ ಹತ್ತು ಕೈಗಳಲ್ಲಿ ತಿರುಗುತ್ತದೆ. ಕಾಯಿಲೆಯ ಹೆಸರೂ ಅದರಲ್ಲಿದ್ದಿದ್ದರೆ, ಊರಿನಲ್ಲಿ ಮದುವೆಗೆ ನಿಂತಿರುವ ಅವನ ತಂಗಿಯ ಗತಿ ಏನಾಗುತ್ತಿತ್ತು? ಕಾಯಿದೆ ಬರೆದವರು ಇದನ್ನು ಮುಂಗಂಡಿದ್ದರು. ಸರ್ಕಾರಕ್ಕೆ ಕಾರಣ ತಿಳಿಯಬೇಕು, ಏಕೆಂದರೆ ರೋಗನಿವಾರಣೆಯ ಯೋಜನೆಗೆ ಆ ಲೆಕ್ಕ ಬೇಕು, ಬಜಾರಿಗೆ ತಿಳಿಯಬೇಕಾಗಿಲ್ಲ. 2023ರ ತಿದ್ದುಪಡಿಯು ಕಾರಣದ ವೈದ್ಯಪತ್ರದ ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೆ ಕೊಡಬೇಕೆಂದು ವಿಧಿಸಿದೆ. ಬಲ್ಲಬೇಕಾದವರು ಬಲ್ಲರು, ಉಳಿದವರಿಗೆ ಬಾಗಿಲು ಮುಚ್ಚಿದೆ. ಒಂದೇ ಪುಟದಲ್ಲಿ ತೆರೆದ ಕಲಂ ಯಾವುದು, ಮುಚ್ಚಿದ ಕಲಂ ಯಾವುದು ಎಂಬ ಈ ವಿವೇಕವೇ ದಫ್ತರಧರ್ಮದ ಸಾರ. ಇದೊಂದನ್ನು ಪೌರಸಭೆಗಳು ಎಲ್ಲ ವಿವರಗಳಿಗೂ ಅನ್ವಯಿಸಬೇಕೆಂಬುದೇ ನಮ್ಮ ವಾದ.

ಪುಟ ಕಪಾಟು ಬಿಟ್ಟು ಹೊರಟಾಗ

ಹಿಂದೆ ಆ ರಿಜಿಸ್ಟರು ಕಪಾಟಿನಲ್ಲಿ ಧೂಳು ಹಿಡಿದು ಕುಳಿತಿರುತ್ತಿತ್ತು. ಧೂಳೂ ಒಂದು ಬಗೆಯ ಕಾವಲೇ ಆಗಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ದೇಶಕ್ಕೆಲ್ಲ ಸೇರಿ ಜನನ ಮರಣಗಳ ಒಂದು ಭಂಡಾರವಿರುತ್ತದೆ. ಸರ್ಕಾರದ ಅನುಮತಿಯ ಮೇರೆಗೆ ಅದನ್ನು ಮತದಾರರ ಪಟ್ಟಿ, ಪಡಿತರ ಚೀಟಿ ಮೊದಲಾದ ಇತರ ಭಂಡಾರಗಳಿಗೂ ಒದಗಿಸಬಹುದು. ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ವಾಹನ ಲೈಸೆನ್ಸು, ಮತದಾನ, ಸರ್ಕಾರಿ ನೌಕರಿ ಇವೆಲ್ಲಕ್ಕೂ ಹುಟ್ಟಿದ ದಿನಕ್ಕೆ ಜನನಪತ್ರವೇ ಆಧಾರ. ಸೌಕರ್ಯ ದೊಡ್ಡದು, ಸಂದೇಹವಿಲ್ಲ. ಆದರೆ ತಪ್ಪಾದರೆ ಆ ತಪ್ಪೂ ಅಷ್ಟೇ ದೂರ ಪ್ರಯಾಣ ಮಾಡುತ್ತದೆ. ನಮ್ಮವರ ಹೆಸರಿನ ಹಿಂದಿರುವ ಇನಿಷಿಯಲ್ಲು ಊರಿನದೋ ತಂದೆಯದೋ ಎಂಬುದು ಇಲ್ಲಿಯ ಗುಮಾಸ್ತರಿಗೆ ತಿಳಿಯದು. ಮನೆತನದ ಹೆಸರು ಕೊಡಿರೆಂದು ಕೇಳಿ, ಕೊಟ್ಟದ್ದನ್ನು ಹಿಂದಿಯ ಉಚ್ಚಾರಣೆಯಲ್ಲಿ ಬರೆದುಕೊಳ್ಳುತ್ತಾರೆ. ವಿವರವನ್ನು ಗುಟ್ಟಾಗಿಡುವುದು ಎಷ್ಟು ಮುಖ್ಯವೋ ಸರಿಯಾಗಿಡುವುದೂ ಅಷ್ಟೇ ಮುಖ್ಯ. ತಪ್ಪಿದ್ದಲ್ಲಿ ತಿದ್ದುವ ಅಧಿಕಾರ ಅದೇ ಕಾಯಿದೆಯ 15ನೆಯ ಪ್ರಕರಣದಂತೆ ರಿಜಿಸ್ಟ್ರಾರರಿಗಿದೆ.

ಕಂಡುಂಡ ಪ್ರಸಂಗಗಳು

ಬಾಗಿಲು ತೆರೆದಿಟ್ಟರೆ ಆಗುವುದೇನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2020ರ ಕೊರೋನಾ ಕಾಲದಲ್ಲಿ ದಿಲ್ಲಿಯ ಮನೆಬಾಗಿಲುಗಳ ಮೇಲೆ ಸೋಂಕಿನ ಭಿತ್ತಿಪತ್ರಗಳನ್ನು ಅಂಟಿಸಿದರು. ನೆರೆಯವರು ಹಾಲು ತರುವ ಹುಡುಗನನ್ನೂ ತಡೆಯುವಂತಾಯಿತು. ಆ ವರ್ಷದ ಡಿಸೆಂಬರ್ 9ರಂದು ಸರ್ವೋಚ್ಚ ನ್ಯಾಯಾಲಯವು, ವಿಪತ್ತು ನಿರ್ವಹಣಾ ಕಾಯಿದೆಯಂತೆ ವಿಶೇಷ ಆದೇಶವಿಲ್ಲದೆ ಹಾಗೆ ಅಂಟಿಸಕೂಡದೆಂದು ತೀರ್ಪಿತ್ತಿತು. ನಮ್ಮ ಕರ್ನಾಟಕದಲ್ಲಿಯೂ ಅದೇ ವರ್ಷದ ಮಾರ್ಚಿನಲ್ಲಿ, ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತ್ತು.

ಬೆಂಗಳೂರಿನ ಇನ್ನೊಂದು ಪ್ರಸಂಗ ನೇರವಾಗಿ ಪಾಲಿಕೆಗೇ ಸಂಬಂಧಿಸಿದ್ದು. 2022ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯು ಮತದಾರರ ಜಾಗೃತಿಗೆಂದು ಚಿಲುಮೆ ಎಂಬ ಸಂಸ್ಥೆಗೆ ಅನುಮತಿ ನೀಡಿತು. ಕೆಲಸ ಉಚಿತವೆಂದು ಹೇಳಲಾಗಿತ್ತು. ಆ ಸಂಸ್ಥೆಯವರು ಮತಗಟ್ಟೆ ಅಧಿಕಾರಿಗಳೆಂಬ ಗುರುತಿನ ಚೀಟಿ ಧರಿಸಿ ಮನೆಮನೆಗೂ ಹೋಗಿ ಜಾತಿ, ಮಾತೃಭಾಷೆ, ಉದ್ಯೋಗ, ಫೋನ್ ನಂಬರು ಮುಂತಾದುವನ್ನು ಸಂಗ್ರಹಿಸಿದರೆಂಬ ಆರೋಪ ನವೆಂಬರಿನಲ್ಲಿ ಬಹಿರಂಗವಾಯಿತು. ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತಿನಲ್ಲಿಡಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಗಳಲ್ಲಿ ಸೇರಿಸಿದ, ತೆಗೆದುಹಾಕಿದ ಹೆಸರುಗಳನ್ನು ಪೂರ್ತಿಯಾಗಿ ಪರಿಶೀಲಿಸುವಂತೆ ಆಜ್ಞಾಪಿಸಿತು. ಬಿಟ್ಟಿ ಸೇವೆಗೆ ಯಾರಾದರೂ ಮುಂದೆ ಬಂದರೆ ಅದರ ಬೆಲೆಯನ್ನು ಯಾರು ತೆರುವರೆಂದು ಮೊದಲೇ ವಿಚಾರಿಸುವುದು ಲೇಸು.

ಶ್ರೀಮಂತ ದೇಶಗಳ ಸ್ಥಿತಿಯೂ ಇದಕ್ಕಿಂತ ಬಹಳ ಮೇಲಲ್ಲ. ಲಂಡನ್ನಿನ ಹ್ಯಾಕ್ನಿ ಪೌರಸಭೆಯ ಕಂಪ್ಯೂಟರುಗಳಿಗೆ 2020ರ ಅಕ್ಟೋಬರಿನಲ್ಲಿ ಕನ್ನಗಳ್ಳರು ನುಗ್ಗಿದರು; ಕನಿಷ್ಠ 2,80,000 ನಿವಾಸಿಗಳ ವಿವರಗಳಿಗೆ ಬಾಧೆ ತಟ್ಟಿತು. ಬಳಕೆಯಲ್ಲಿಲ್ಲದ ಒಂದು ಖಾತೆಯನ್ನು ದುರ್ಬಲವಾದ ಗುಪ್ತಪದದೊಡನೆ ಹಾಗೆಯೇ ಉಳಿಸಿದ್ದು ಕಾರಣಗಳಲ್ಲೊಂದೆಂದು ಅಲ್ಲಿಯ ಮಾಹಿತಿ ಆಯುಕ್ತರ ಕಚೇರಿ 2024ರಲ್ಲಿ ಛೀಮಾರಿ ಹಾಕಿತು. ಕೆಲಸ ಬಿಟ್ಟುಹೋದ ಮಾಣಿಯ ಬಳಿ ಉಗ್ರಾಣದ ಬೀಗದಕೈ ಉಳಿದಂತೆಯೇ ಇದು.

ಕಾಯಿದೆ ಏನನ್ನುತ್ತದೆ?

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಏಕಮತದಿಂದ ಸಾರಿದರು. ಈ ತೀರ್ಪು ದೇಶಾದ್ಯಂತ ಒಬ್ಬ ಕನ್ನಡಿಗರ ಹೆಸರಿನಿಂದಲೇ ಪ್ರಸಿದ್ಧ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದ್ದರು. 2024ರಲ್ಲಿ ಅವರು ದಿವಂಗತರಾದರು. ಅವರು ಗೆದ್ದುಕೊಟ್ಟ ಹಕ್ಕು ಮಾಣಿಗೂ ಮಂತ್ರಿಗೂ ಸಮಾನವಾಗಿ ಉಳಿದಿದೆ.

ಆ ಹಕ್ಕಿನ ಬೆನ್ನಲ್ಲೇ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು; ಮುಖ್ಯ ಕರ್ತವ್ಯಗಳ ಜಾರಿಗೆ ಆ ದಿನದಿಂದ ಹದಿನೆಂಟು ತಿಂಗಳ ಅವಧಿಯನ್ನು ಇಟ್ಟಿದ್ದಾರೆ. ಪ್ರಮಾಣಪತ್ರ, ಲೈಸೆನ್ಸು, ಸಹಾಯಧನಗಳಿಗಾಗಿ ಸರ್ಕಾರಿ ಸಂಸ್ಥೆಯು ಪ್ರತಿ ಸಲವೂ ನಮ್ಮ ಒಪ್ಪಿಗೆ ಕೇಳಬೇಕಾಗಿಲ್ಲ. ಆದರೆ ಬೇಕಾದಷ್ಟನ್ನೇ ಕೇಳಬೇಕು, ಸರಿಯಾಗಿಡಬೇಕು, ಭದ್ರವಾಗಿಡಬೇಕು, ಕೆಲಸ ತೀರಿದ ಮೇಲೆ ಅನಾವಶ್ಯಕವಾಗಿ ಇಟ್ಟುಕೊಳ್ಳಬಾರದು. ಸೋರಿಹೋದರೆ ಬಾಧಿತರಿಗೆ ವಿಳಂಬವಿಲ್ಲದೆ ತಿಳಿಸಬೇಕು. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿಗಳವರೆಗೆ ದಂಡ ಉಂಟು.

ಕೊರತೆಗಳನ್ನೂ ಹೇಳಬೇಕು. ಆ ದಂಡ ಸೇರುವುದು ಸರ್ಕಾರದ ಖಜಾನೆಗೆ. ಗುಟ್ಟು ಕಳೆದುಕೊಂಡವನಿಗೆ ಅದರಲ್ಲಿ ಕಾಸಿನ ಪಾಲೂ ಇಲ್ಲ. ದೇಶದ ಭದ್ರತೆ ಮೊದಲಾದ ಕಾರಣಗಳಿಗಾಗಿ ತನ್ನ ಸಂಸ್ಥೆಗಳನ್ನು ಕಾಯಿದೆಯಿಂದ ಹೊರಗಿಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಮಾಹಿತಿ ಹಕ್ಕಿನ ಕಾಯಿದೆಯಲ್ಲಿ ವೈಯಕ್ತಿಕ ವಿವರಗಳ ಬಗೆಗಿದ್ದ ಪ್ರಕರಣವನ್ನೂ ಇದರ ಮೂಲಕ ಬಿಗಿ ಮಾಡಿದ್ದಾರೆ. ಬಡವನ ಕಾಯಿಲೆ ಮುಚ್ಚಬೇಕಾದ ಮುಚ್ಚಳವು ಅಧಿಕಾರಿಯ ಲಂಚವನ್ನು ಮುಚ್ಚಲು ಒದಗಬಾರದು.

ನಮ್ಮ ಮೇಜಿನ ಖಾನೆ

ಪೌರಸಭೆಗೆ ಬುದ್ಧಿ ಹೇಳುವಾಗ ನಮ್ಮ ಹೋಟೆಲು ಯಜಮಾನರೂ ತಮ್ಮ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯನ್ನು ಒಮ್ಮೆ ನೋಡಿಕೊಳ್ಳಬೇಕು. ಆಹಾರ ಸುರಕ್ಷತೆಯ ನಿಯಮದಂತೆ ಅಡುಗೆಯವರಿಗೂ ಬಡಿಸುವವರಿಗೂ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ ಆಗಬೇಕು. ಆ ಪತ್ರಗಳು, ಆಧಾರ್ ಪ್ರತಿಗಳು, ಬ್ಯಾಂಕು ಖಾತೆಯ ನಂಬರುಗಳು ಎಲ್ಲವೂ ಆ ಖಾನೆಯಲ್ಲಿವೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯು, ಹೋಟೆಲುಗಳಂಥ ಖಾಸಗಿಯವರು ಲೈಸೆನ್ಸಿಲ್ಲದೆ ಆಧಾರ್ ಪ್ರತಿ ಇಟ್ಟುಕೊಳ್ಳುವಂತಿಲ್ಲವೆಂದು ಎಚ್ಚರಿಸಿತು; ಅಪಾರ್ಥಕ್ಕೆ ಎಡೆಯಾಗುವುದೆಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹಿಂದೆ ಹೋದರೂ ಅದರೊಳಗಿನ ವಿವೇಕ ಹಿಂದೆ ಹೋಗಬೇಕಾಗಿಲ್ಲ. ಹುಡುಗನ ಕಾಯಿಲೆಯ ಪತ್ರ ಗಿರಾಕಿಯ ಕಣ್ಣಿಗೆ ಬೀಳುವ ಕಡೆ ಇರಬಾರದು.

ವಾಚಕರಿಗೆ ನಾಲ್ಕು ಸೂಚನೆಗಳು

1. ಪೌರಸಭೆಯ ಅರ್ಜಿಯನ್ನು ದಲ್ಲಾಳಿಯ ಕೈಯಲ್ಲಿ ತುಂಬಿಸಿದರೂ ಫೋನ್ ನಂಬರು ಮಾತ್ರ ನಿಮ್ಮದೇ ಇರಲಿ. ಅವನದನ್ನು ಕೊಟ್ಟರೆ ಮುಂದಿನ ಸಂದೇಶಗಳೆಲ್ಲ ಅವನಿಗೇ ಹೋಗುತ್ತವೆ. ಫೋನಿಗೆ ಬರುವ ಒ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ.

2. ಸಾಧ್ಯವಿದ್ದಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನೇ ಕೊಡಿರಿ. ಪ್ರತಿಯ ಮೇಲೆ ಯಾವ ಕೆಲಸಕ್ಕೆಂದೂ ತಾರೀಖನ್ನೂ ಬರೆದು ರುಜು ಹಾಕಿರಿ.

3. ಮನೆಬಾಗಿಲಿಗೆ ಬಂದು ವಿವರ ಕೇಳುವವರ ಗುರುತಿನ ಚೀಟಿಯನ್ನೂ ಆದೇಶವನ್ನೂ ನೋಡಿರಿ. ನಿಜವಾದ ಜನಗಣತಿಯವರಾದರೆ ಹೆದರದೆ ಸರಿಯಾದ ಉತ್ತರ ಕೊಡಿರಿ. 1948ರ ಜನಗಣತಿ ಕಾಯಿದೆಯ 15ನೆಯ ಪ್ರಕರಣದಂತೆ ಆ ದಾಖಲೆಗಳನ್ನು ಅನ್ಯರು ನೋಡುವಂತಿಲ್ಲ.

4. ದೂರಿದ್ದರೆ ಮೊದಲು ಪೌರಸಭೆಗೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಸ ಕಾಯಿದೆಯ ಮಂಡಳಿಗೆ ಹೋಗುವ ದಾರಿಯೂ ಆ ಮೆಟ್ಟಿಲನ್ನು ಹತ್ತಿಯೇ ಸಾಗಬೇಕು.

ಕೊನೆಯದಾಗಿ ಒಂದು ಮಾತು. ಇದನ್ನೋದಿ ಭಯಗೊಂಡು ದಫ್ತರದಿಂದ ತಪ್ಪಿಸಿಕೊಳ್ಳಲು ಯಾರೂ ಯತ್ನಿಸಬಾರದು. ಮಗುವಿನ ಜನನ ಬರೆಸದವನು ಮಗುವಿನ ಹಕ್ಕನ್ನೇ ಕಳೆಯುತ್ತಾನೆ. ಪರಸ್ಥಳದಲ್ಲಿ ಹೆಸರಿಲ್ಲದೆ ಬಾಳುವುದು ಕಷ್ಟ, ಗುಟ್ಟಿಲ್ಲದೆ ಬಾಳುವುದೂ ಕಷ್ಟ. ಹೆಸರನ್ನು ಬರೆಸೋಣ, ಬರೆದುಕೊಂಡವರು ಅದನ್ನು ಇಡುಗಂಟಿನಂತೆ ಕಾಯಲೆಂದು ಕೇಳೋಣ. ದಫ್ತರದ ಒಳಗೆ ಕುಳಿತ ಗುಮಾಸ್ತರಲ್ಲಿ ನಮ್ಮ ವಾಚಕರೂ ಕೆಲವರಿದ್ದಾರೆ. ಕಿಟಕಿಯೀಚೆಗೆ ನಿಂತವನ ಕಾಗದವನ್ನು ಮಡಿಚಿಡುವಾಗ, ಅದು ಒಂದು ಮನೆಯ ಮರ್ಯಾದೆಯೆಂಬುದನ್ನು ಅವರು ಮರೆಯದಿರಲಿ.