ಉತಾರ, ಎನ್.ಎ. ಪ್ಲಾಟು ಮತ್ತು ಕೃತಕ ಬುದ್ಧಿಮತ್ತೆ

ಹೊಲ, ಪ್ಲಾಟು, ಮನೆ ಮಾರಾಟದ ವ್ಯವಹಾರದಲ್ಲಿ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಸಲೀಸಾಗಿ ಮಾಡಿಕೊಡುವುದು ಬರವಣಿಗೆಯ ಕೆಲಸ. ಚಾಟ್‌ಜಿಪಿಟಿ, ಜೆಮಿನಿಯಂಥ ಆ್ಯಪ್‌ಗಳಿಗೆ ಪ್ಲಾಟಿನ ಅಳತೆ, ದಿಕ್ಕು, ರಸ್ತೆಯ ಅಗಲ ಹೇಳಿದರೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಂಥ ಜಾಹೀರಾತು ಕ್ಷಣದಲ್ಲಿ ಸಿದ್ಧವಾಗುತ್ತದೆ. ಗಿರಾಕಿ ಕೇಳಬಹುದಾದ ಪ್ರಶ್ನೆಗಳ ಪಟ್ಟಿ, ಮರಾಠಿಯಲ್ಲಿ ಬಂದ ವಿಚಾರಣೆಗೆ ಮರಾಠಿಯಲ್ಲೇ ಉತ್ತರ, ದಿನದ ಫೋನುಗಳ ಟಿಪ್ಪಣಿ, ಯಾರಿಗೆ ಯಾವಾಗ ಮರಳಿ ಕರೆ ಮಾಡಬೇಕೆಂಬ ನೆನಪು ಎಲ್ಲವನ್ನೂ ಅದು ಅಚ್ಚುಕಟ್ಟಾಗಿ ಜೋಡಿಸಿ ಕೊಡುತ್ತದೆ. ತೊಡಕು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಈ ಜಮೀನು ಯಾರದು, ಎಷ್ಟಿದೆ, ಅದರ ಮೇಲೆ ಏನು ಬೋಜಾ ಇದೆ, ಎಷ್ಟಕ್ಕೆ ಹೋಗುತ್ತದೆ ಎಂದು ಕೇಳಿದಾಗಲೂ ಯಂತ್ರ ಅಷ್ಟೇ ಧೈರ್ಯದ ದನಿಯಲ್ಲಿ ಉತ್ತರಿಸುತ್ತದೆ. ಆ ಧೈರ್ಯವನ್ನು ನಂಬಿ ಸಂಚಕಾರ ಕೊಡಿಸಿದರೆ ಗಿರಾಕಿಯ ಹಣದ ಜೊತೆ ಏಜಂಟನ ಹೆಸರೂ ಹೋಗುತ್ತದೆ.

ನಿಡಸೋಸಿಯಂಥ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಹುಕ್ಕೇರಿ ತಾಲ್ಲೂಕಿನ ಈ ಊರು ದುರದುಂಡೀಶ್ವರ ಮಠಕ್ಕೂ 1996ರಲ್ಲಿ ಶುರುವಾದ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜಿಗೂ ಹೆಸರಾದದ್ದು. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಸಂಕೇಶ್ವರ ಪಕ್ಕದಲ್ಲೇ ಇದೆ. ಕಬ್ಬಿನ ಹೊಲಗಳ ನಡುವೆ ಕಾಲೇಜು ಮತ್ತು ಹೆದ್ದಾರಿ ಬಂದ ಕಡೆ ಪ್ಲಾಟಿನ ಮಾತು ಬರುವುದು ಸಹಜ. ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ವ್ಯವಹಾರ ನಡೆಯುವುದು ಕಾಗದದ ಮೇಲೆ ಎಷ್ಟೋ, ಮಾತಿನ ಮೇಲೂ ಅಷ್ಟೇ. ಗಡಿ ದಾಟಿದರೆ ಗಡಹಿಂಗ್ಲಜ, ಕೊಲ್ಹಾಪುರ. ಕೊಳ್ಳುವವರು, ಮಾರುವವರು, ವಾರಸುದಾರರು ಎರಡೂ ರಾಜ್ಯಗಳಲ್ಲಿ ಹಂಚಿಹೋಗಿರುತ್ತಾರೆ.

ಉತಾರವನ್ನೇ, ಅಂದರೆ ಪಹಣಿಯನ್ನೇ, ತೆಗೆದುಕೊಳ್ಳಬಹುದು. ಪಹಣಿಯ ಫೋಟೊ ತೆಗೆದು ಎಐಗೆ ಕೊಟ್ಟರೆ ಅದು ಓದುತ್ತದೆ, ಸಾರಾಂಶವನ್ನೂ ಬರೆಯುತ್ತದೆ. ಕ್ಷೇತ್ರದ ಅಂಕಣದಲ್ಲಿ 2.13 ಎಂದಿದೆ ಎನ್ನೋಣ. ಅದರ ಅರ್ಥ 2 ಎಕರೆ 13 ಗುಂಟೆ. ಎಕರೆಗೆ 40 ಗುಂಟೆಯ ಲೆಕ್ಕದಲ್ಲಿ 93 ಗುಂಟೆ, ಗುಂಟೆಗೆ 1,089 ಚದರ ಅಡಿಯಂತೆ 1,01,277 ಚದರ ಅಡಿ. ಯಂತ್ರ ಆ ಚುಕ್ಕೆಯನ್ನು ದಶಮಾಂಶವೆಂದು ತಿಳಿದರೆ 2.13 ಎಕರೆಗೆ ಸುಮಾರು 92,783 ಚದರ ಅಡಿ ಎಂದು ಲೆಕ್ಕ ಕೊಡುತ್ತದೆ. ವ್ಯತ್ಯಾಸ ಸುಮಾರು 8,494 ಚದರ ಅಡಿ. 30–40 ಅಡಿಯ ಏಳು ಪ್ಲಾಟುಗಳ ಜಾಗ ಒಂದು ಚುಕ್ಕೆಯಲ್ಲಿ ಮಾಯವಾದಂತೆ. ಗುಣಾಕಾರದಲ್ಲಿ ಯಂತ್ರ ತಪ್ಪಿರುವುದಿಲ್ಲ, ಉತಾರ ಬರೆಯುವ ಪದ್ಧತಿ ಅದಕ್ಕೆ ತಿಳಿದಿರುವುದಿಲ್ಲ. ಪದ್ಧತಿಯನ್ನು ಮೊದಲೇ ಹೇಳಿ, ಲೆಕ್ಕದ ಪ್ರತಿ ಮೆಟ್ಟಿಲನ್ನೂ ತೋರಿಸಲು ಕೇಳಿ, ಕೊನೆಗೆ ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿದರೆ ಈ ಅಪಾಯ ತಪ್ಪುತ್ತದೆ. ಇದೇ ಅಂಕಣದಲ್ಲಿ ಖರಾಬಿನ ಕ್ಷೇತ್ರವೂ ಇರುತ್ತದೆ. ‘ಬ’ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಅದನ್ನು ಮಾರುವಂತಿಲ್ಲ. ಒಟ್ಟು ಕ್ಷೇತ್ರದಲ್ಲಿ ಅದನ್ನು ಕಳೆದು ಹೇಳಬೇಕೆಂದು ಯಂತ್ರಕ್ಕೆ ತಾನಾಗಿ ಹೊಳೆಯುವುದಿಲ್ಲ.

ಅಂಕಣ 9ರಲ್ಲಿ ಕಬ್ಜೆದಾರರ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣ. ಸೊಸೈಟಿ ಸಾಲದ ಬೋಜಾ ಇದ್ದರೆ ಇಲ್ಲಿ ಕಾಣುತ್ತದೆ, ಯಂತ್ರವೂ ಅದನ್ನು ಹೆಕ್ಕಿ ತೋರಿಸಬಲ್ಲದು. ಕಾಗದದ ಮೇಲೆ ಇಲ್ಲದ್ದನ್ನು ಮಾತ್ರ ಅದು ತೋರಿಸಲಾರದು, ಈ ಭಾಗದ ಜಗಳಗಳ ಬೇರು ಬಹುಪಾಲು ಅಲ್ಲೇ ಇರುತ್ತದೆ. ತಂದೆ ತೀರಿದ ಮೇಲೆ ವಾರಸಾ ದಾಖಲಾಗುವಾಗ ಅಣ್ಣತಮ್ಮಂದಿರ ಹೆಸರು ಏರಿ, ಮದುವೆಯಾಗಿ ಗಡಿಯಾಚೆ ಹೋದ ಅಕ್ಕತಂಗಿಯರ ಹೆಸರು ಉಳಿದುಹೋದ ಉತಾರಗಳಿವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಹೆಣ್ಣುಮಕ್ಕಳ ಸಹಿ ಇಲ್ಲದ ಖರೀದಿ ಪತ್ರ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸಬಹುದು. ಉತಾರವನ್ನಷ್ಟೇ ಓದಿದ ಯಂತ್ರ ‘ಹಕ್ಕು ನಿರ್ವಿವಾದ’ ಎಂದು ಬರೆದುಕೊಟ್ಟರೆ ಆ ಮನೆಯಲ್ಲಿ ಎಷ್ಟು ಜನ ಹೆಣ್ಣುಮಕ್ಕಳಿದ್ದಾರೆಂದು ಅದಕ್ಕೆ ಗೊತ್ತಿಲ್ಲವೆಂದೇ ತಿಳಿಯಬೇಕು. ವಂಶವೃಕ್ಷ ತರಿಸಿ, ಓಣಿಯ ಹಿರಿಯರನ್ನು ಕೇಳಿ ತಿಳಿಯುವುದು ಏಜಂಟನದೇ ಕೆಲಸ.

ಹಳೆಯ ಕಾಗದಗಳದು ಇನ್ನೂ ಕಠಿಣ ಕಥೆ. ಬೆಳಗಾವಿ ಮುಂಬೈ ಪ್ರಾಂತಕ್ಕೆ ಸೇರಿದ್ದ ಕಾಲದ ದಾಖಲೆಗಳಲ್ಲಿ ಹಲವು ಮೋಡಿ ಲಿಪಿಯ ಮರಾಠಿಯಲ್ಲಿವೆ. ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡ, ಬರೆದವರ ಕೈಯಂತೆ ಬದಲಾಗುವ ಈ ಲಿಪಿಯಲ್ಲಿ ಯಂತ್ರದ ಓದನ್ನು ಆಧಾರವಾಗಿ ಹಿಡಿಯುವಂತಿಲ್ಲ. ಓದಲಾರದ ಕಡೆ ಅದು ಸುಮ್ಮನಿರದೆ ತೋಚಿದ ಶಬ್ದ ತುಂಬಬಹುದು. ಹಿಂದೆ ಗ್ರಾಮಸೇವೆಗೆ ಕೊಟ್ಟಿದ್ದ ವತನದ ಜಮೀನುಗಳ ವಿಷಯದಲ್ಲಂತೂ ಇದು ದುಬಾರಿ ತಪ್ಪು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯ ಮೇಲೆ ಮರುಮಂಜೂರಾದ ಹೊಲದ ಶರ್ತುಗಳೇನು, 1978ರ ಪಿಟಿಸಿಎಲ್ ಕಾಯ್ದೆಯ ವ್ಯಾಪ್ತಿಗೆ ಬರುವ ಮಂಜೂರಾತಿ ಜಮೀನೇ ಎಂಬುದು ಹಳೆಯ ಆದೇಶದಲ್ಲಿ ಅಡಗಿರುತ್ತದೆ. ಪಿಟಿಸಿಎಲ್ ಕಾಯ್ದೆಯಂತೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಕೊಟ್ಟ ಜಮೀನು ಪೂರ್ವಾನುಮತಿ ಇಲ್ಲದೆ ಕೈ ಬದಲಾದರೆ ಆ ವ್ಯವಹಾರವೇ ಅಸಿಂಧು. ಅದನ್ನು ಪ್ರಶ್ನಿಸಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಇಂಥ ಕಡೆ ಮೋಡಿ ಬಲ್ಲವರನ್ನೂ ವಕೀಲರನ್ನೂ ಹುಡುಕುವುದೇ ದಾರಿ.

ಕಾನೂನಿನ ಪ್ರಶ್ನೆಗೆ ಯಂತ್ರ ಹಳೆಯ ಉತ್ತರ ಕೊಡುವ ಸಂಭವವೂ ಹೆಚ್ಚು, ಏಕೆಂದರೆ ಅದು ಕಲಿತದ್ದು ಹಿಂದಿನ ಬರಹಗಳಿಂದ. ಕೃಷಿಕರಲ್ಲದವರು ಹೊಲ ಕೊಳ್ಳುವುದಕ್ಕೆ ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು. ಅದಕ್ಕೆ ಮುಂಚಿನ ದಶಕಗಳ ಲೇಖನಗಳು ಅಂತರಜಾಲದಲ್ಲಿ ಹಾಗೇ ಇವೆ. ಮಹಾರಾಷ್ಟ್ರದಲ್ಲಿ ಕೃಷಿಕರಲ್ಲದವರಿಗೆ ನಿರ್ಬಂಧ ಈಗಲೂ ಇದೆ. ಗಡಿಯ ಗಿರಾಕಿಯ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದರೆ ಅಲ್ಲಿನ ಸಾತಬಾರಾ ಉತಾರದ ನಿಯಮ ತಂದು ಹುಕ್ಕೇರಿಯ ಹೊಲಕ್ಕೆ ಹಚ್ಚುವ ಅಪಾಯವಿದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. 20 ಲಕ್ಷದ ಪ್ಲಾಟಿಗೆ 20 ಸಾವಿರ ಎಂದು ಎಐ ಹೇಳಿದ್ದನ್ನು ಗಿರಾಕಿಗೆ ತಿಳಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ 40 ಸಾವಿರ ಕೇಳಿದರೆ ಉತ್ತರ ಕೊಡಬೇಕಾದವನು ಏಜಂಟನೇ. ತೀರ್ಪುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶವನ್ನು ಕೆಲವೇ ದಿನಗಳಲ್ಲಿ ಹಿಂಪಡೆಯಿತು. ಅದರಲ್ಲಿ ಉಲ್ಲೇಖಿಸಿದ್ದ ಕೆಲವು ತೀರ್ಪುಗಳು ಎಲ್ಲೂ ಇರಲಿಲ್ಲ. ನ್ಯಾಯಪೀಠದಲ್ಲೇ ಹೀಗಾದ ಮೇಲೆ ಯಂತ್ರ ಹೆಸರಿಸಿದ ಕಲಮು, ಸುತ್ತೋಲೆ, ತೀರ್ಪು ಯಾವುದನ್ನೂ ಮೂಲ ನೋಡದೆ ಗಿರಾಕಿಗೆ ಹೇಳಬಾರದು.

ಬೆಲೆ ಕಟ್ಟುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಝಿಲೋ ಕಂಪನಿಯ ಉದಾಹರಣೆ ಇದೆ. ಕಂಪ್ಯೂಟರಿನ ಅಂದಾಜು ಹಿಡಿದು ತಾನೇ ಮನೆ ಕೊಂಡು ಮಾರುತ್ತಿದ್ದ ವಿಭಾಗವನ್ನು ಅದು 2021ರ ನವೆಂಬರ್‌ನಲ್ಲಿ ಮುಚ್ಚುವುದಾಗಿ ಘೋಷಿಸಿತು. ಒಂದೇ ತ್ರೈಮಾಸಿಕದಲ್ಲಿ ಮನೆಗಳ ಮೌಲ್ಯವನ್ನು 30 ಕೋಟಿ ಡಾಲರ್‌ಗೂ ಹೆಚ್ಚು ತಗ್ಗಿಸಬೇಕಾಯಿತು. ಮನೆಗಳ ಮಾರಾಟದ ದರಗಳು ಕಂಪ್ಯೂಟರಿನಲ್ಲೇ ಹೇರಳವಾಗಿ ಸಿಗುವ ದೇಶದ ಕಥೆ ಇದು. ಇಲ್ಲಿ ಖರೀದಿ ಪತ್ರದಲ್ಲಿ ಬರೆದ ಬೆಲೆ, ಸರಕಾರದ ಮಾರ್ಗಸೂಚಿ ದರ ಮತ್ತು ಕೈ ಬದಲಾದ ನಿಜವಾದ ಬೆಲೆ ಒಂದೇ ಇರಬೇಕೆಂದಿಲ್ಲ. ಅದರ ಮೇಲೆ ನೀರಿನ ಲೆಕ್ಕ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ನೀರು ನುಗ್ಗಿದಾಗ ಯಾವ ಹೊಲದಲ್ಲಿ ಎಷ್ಟು ದಿನ ನಿಂತಿತ್ತು, ಹೊಲಕ್ಕೆ ಗಾಡಿ ದಾರಿ ಇದೆಯೇ, ಬಾವಿಯಲ್ಲಿ ಎಷ್ಟು ಪಾಲು ಎಂಬುದರ ಮೇಲೆ ಬೆಲೆ ಏರುತ್ತದೆ, ಇಳಿಯುತ್ತದೆ. ಅಕ್ಕಪಕ್ಕದಲ್ಲಿ ಈಚೆಗೆ ನಡೆದ ವ್ಯವಹಾರಗಳನ್ನು ಏಜಂಟನೇ ಕೂಡಿಸಿ ಕೊಟ್ಟರೆ ಅವನ್ನು ಹೋಲಿಸಿ ಪಟ್ಟಿ ಮಾಡಲು ಎಐ ಅನುಕೂಲ. ಬೆಲೆಯ ತೀರ್ಮಾನ ಮಾತ್ರ ಶಿವಾರ ತಿರುಗಿದವನದೇ ಆಗಬೇಕು.

ಜಾಹೀರಾತಿನ ಚಿತ್ರಗಳಲ್ಲಿ ಆಸೆ ಹುಟ್ಟಿಸುವುದು ಈಗ ಸುಲಭವಾಗಿದೆ. ಕಲ್ಲುಮುಳ್ಳಿನ ಬಯಲಿಗೆ ಉದ್ಯಾನ, ಡಾಂಬರು ರಸ್ತೆ, ಬೀದಿದೀಪ ಬರೆಸಿಬಿಡಬಹುದು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಇದನ್ನು ಹಗುರವಾಗಿ ಕಾಣುವುದಿಲ್ಲ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಗೆ ನೋಂದಣಿ ಬೇಕು, ಅಂಥ ಯೋಜನೆಯ ಪ್ಲಾಟು ಮಾರುವ ಏಜಂಟನಿಗೂ ಬೇಕು. ಜಾಹೀರಾತಿನ ಸುಳ್ಳು ನಂಬಿ ನಷ್ಟವಾದವರಿಗೆ ಪ್ರವರ್ತಕ ಪರಿಹಾರ ಕೊಡಬೇಕು. ಏಜಂಟ್ ನಿಯಮ ಮೀರಿದರೆ ದಿನಕ್ಕೆ 10,000 ರೂಪಾಯಿಯಂತೆ, ಪ್ಲಾಟಿನ ಬೆಲೆಯ ಶೇ 5ರವರೆಗೆ ದಂಡ ಬೀಳಬಹುದು. ‘ಎಐ ಬರೆದದ್ದು’ ಎಂಬ ಸಮಜಾಯಿಷಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ಕಲ್ಪನಾಚಿತ್ರ ಬಳಸುವುದಾದರೆ ಅದರ ಮೇಲೆ ಹಾಗೆಂದು ಬರೆಯಬೇಕು, ಜೊತೆಗೆ ಇಂದಿನ ಸ್ಥಿತಿಯ ಫೋಟೊ ಹಾಕಬೇಕು. ಎನ್.ಎ. (ಕೃಷಿಯೇತರ) ಆಗದ ಹೊಲವನ್ನು ಯಂತ್ರದ ಸೊಗಸಾದ ಭಾಷೆಯಲ್ಲಿ ‘ಬಡಾವಣೆ’ ಎಂದು ಕರೆಯುವುದು ಬಡವರ ಉಳಿತಾಯಕ್ಕೆ ಮಾಡುವ ದ್ರೋಹ.

ತಾಳೆ ನೋಡಲು ಸರಕಾರದ ಸಾಧನಗಳೇ ಕೈಯಲ್ಲಿವೆ. ಉತಾರ ಮತ್ತು ಹಕ್ಕು ಬದಲಾವಣೆಗೆ ಭೂಮಿ, ಋಣಭಾರ ಪತ್ರಕ್ಕೆ ಕಾವೇರಿ, ಪಂಚಾಯಿತಿ ಆಸ್ತಿಗೆ ಇ-ಸ್ವತ್ತು. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಆದರೆ ಬದುವಿನ ತಕರಾರಿಗೆ ಅದು ಸಾಲದು. ಸರ್ವೇಯರ್ ಬಂದು ಹದ್ದುಬಸ್ತು ಮಾಡಬೇಕು. ಗಿರಾಕಿ ಕಳಿಸಿದ ಉತಾರದ ಫೋಟೊವನ್ನೂ ಹಾಗೇ ಒಪ್ಪಬಾರದು. ಹೆಸರು ತಿದ್ದಿದ ಚಿತ್ರ ಮಾಡಲು ಈಗ ಕೌಶಲವೇ ಬೇಕಿಲ್ಲವಾದ್ದರಿಂದ, ಅದೇ ಸರ್ವೆ ನಂಬರಿನ ಪ್ರತಿಯನ್ನು ಏಜಂಟ್ ತಾನೇ ತೆಗೆದು ನೋಡಬೇಕು.

ಕೊನೆಯದು ಗಿರಾಕಿಯ ಗುಟ್ಟು. ಖರೀದಿ ಪತ್ರದ ಕರಡಿಗಾಗಿ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕನ್ನು ಪುಕ್ಕಟೆ ಆ್ಯಪ್‌ಗೆ ಹಾಕಿದರೆ ಆ ವಿವರ ಎಲ್ಲಿ ಉಳಿಯುತ್ತದೆ, ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದು ಏಜಂಟನ ಕೈಮೀರಿದ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಮುಖ್ಯವಾಗಿ ಕಾಣುತ್ತದೆ. ಕರಡಿಗೆ ‘ಮಾರುವವರು’, ‘ಕೊಳ್ಳುವವರು’ ಎಂದಷ್ಟೇ ಬರೆದು, ಹೆಸರು, ನಂಬರು, ಚತುಃಸೀಮೆಯನ್ನು ಆಮೇಲೆ ಕೈಯಾರೆ ತುಂಬಿದರೆ ಕೆಲಸವೂ ಆಗುತ್ತದೆ, ಗುಟ್ಟೂ ಉಳಿಯುತ್ತದೆ. ಆ ಕರಡನ್ನು ವಕೀಲರು ಅಥವಾ ಪರವಾನಗಿ ಪಡೆದ ಪತ್ರ ಬರಹಗಾರರು ನೋಡಿ, ಸಹಿ ಹಾಕುವವರೆಲ್ಲರಿಗೂ ಓದಿ ಹೇಳಿದ ಮೇಲೆಯೇ ನೋಂದಣಿಗೆ ದಿನ ಗೊತ್ತುಮಾಡಬೇಕು.